ಹತ್ತರಲ್ಲಿ ಒಂಬತ್ತು

ಕೆಲವು ಪ್ರಶ್ನೆಗಳ ಮೇಲೆ ಒಂದು ಊರಿನ ಮಾನವೇ ನಿಂತಿರುತ್ತದೆ. ಕುಡಿಯುವ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಸೇತುವೆ ಯಾವ ವರ್ಷ ಮುಗಿಯುತ್ತದೆ ಎಂಬಂಥ ಚಿಲ್ಲರೆ ಪ್ರಶ್ನೆಗಳ ಮಾತಲ್ಲ ಇದು. ಟೀವಿ ಧಾರಾವಾಹಿಗಳ ವಾರ್ಷಿಕ ಪ್ರಶಸ್ತಿಯಲ್ಲಿ ಉತ್ತಮ ನಟಿ, ಉತ್ತಮ ಪೋಷಕ ನಟಿ ಈ ಎರಡು ವಿಭಾಗಗಳಿಗೆ ಯಾವ ಐದೈದು ಹೆಸರು ನಾಮನಿರ್ದೇಶನಗೊಳ್ಳುತ್ತವೆ ಎಂಬುದನ್ನು, ಪಟ್ಟಿ ಹೊರಬೀಳುವ ಮೊದಲೇ, ಯಾರು ಸರಿಯಾಗಿ ಹೇಳಬಲ್ಲರು? ಹನ್ನೊಂದು ವರ್ಷಗಳಿಂದ ಈ ಹೊಣೆ ಆ ಊರಿನಲ್ಲಿ ಒಬ್ಬನ ಹೆಗಲ ಮೇಲಿತ್ತು. ಪತ್ರಿಕೆಯ ಏಳನೆಯ ಪುಟದಲ್ಲಿ, ದಿನಭವಿಷ್ಯದ ಪಕ್ಕದಲ್ಲಿ, ಅವನ ಅಂಕಣ ಬರುತ್ತಿತ್ತು. ಜನ ಅವನನ್ನು ವಿಮರ್ಶಕರು ಎನ್ನುತ್ತಿದ್ದರು. ಅವನೂ ಮನಸ್ಸಿನೊಳಗೆ ತನ್ನನ್ನು ಹಾಗೆಯೇ, ಬಹುವಚನದಲ್ಲೇ, ಕರೆದುಕೊಳ್ಳುತ್ತಿದ್ದ.

ಪಟ್ಟಿ ಪ್ರಕಟವಾಗುವ ದಿನ ಪತ್ರಿಕೆಯ ಸಭಾಂಗಣದಲ್ಲಿ ಓದುಗರು ಸೇರುತ್ತಿದ್ದರು. ಮೊದಲೇ ಮುಚ್ಚಿಕೊಟ್ಟ ಲಕೋಟೆಗಳನ್ನು ಸಂಪಾದಕರು ಒಡೆದು, ಯಾರ ಊಹೆ ಎಷ್ಟು ಸರಿ ಎಂದು ಎಲ್ಲರೆದುರು ಓದುತ್ತಿದ್ದರು. ಹತ್ತು ವರ್ಷ ಅದು ವಿಮರ್ಶಕನ ಹಬ್ಬವಾಗಿತ್ತು. ಓದುಗರಿಗೆ ಎರಡೋ ಮೂರೋ ಸಿಕ್ಕರೆ ಅವನಿಗೆ ನಾಲ್ಕು ಸಿಗುತ್ತಿತ್ತು, ಕುರುಡರ ಊರಿನಲ್ಲಿ ಒಕ್ಕಣ್ಣ ರಾಜ ಎಂಬಂತೆ. ಕಳೆದ ವರ್ಷ ಅವನಿಗೆ ಎಂದಿನಂತೆ ನಾಲ್ಕೇ ಸಿಕ್ಕಿತು. ಮೂಲೆಯ ಔಷಧಿ ಅಂಗಡಿಯಾಕೆಗೆ ಎಂಟು ಸಿಕ್ಕಿತು. ಪತ್ರಿಕೆ ಇಬ್ಬರ ಫೋಟೋವನ್ನೂ ಅಕ್ಕಪಕ್ಕ ಹಾಕಿ, ಕೆಳಗೆ ಅಂಕಗಳನ್ನು ಮುದ್ರಿಸಿತು, ಪರೀಕ್ಷೆ ಬರೆದ ಮಕ್ಕಳಿಗೆ ಹಾಕಿದ ಹಾಗೆ. ಫೋಟೋದಲ್ಲಿ ಅವನು ನಗುತ್ತಿದ್ದ. ಅದು ಫಲಿತಾಂಶಕ್ಕೆ ಮುಂಚೆ ತೆಗೆದದ್ದು.

ಗಾಯದ ಮೇಲೆ ಉಪ್ಪು ಸವರಿದ್ದು ಅವಳ ಸಂದರ್ಶನ. ಗುಟ್ಟೇನು ಎಂದು ಕೇಳಿದ್ದಕ್ಕೆ ಆಕೆ, ಅಂಗಡಿಯ ಗಲ್ಲಾದ ಮೇಲೊಂದು ಟೀವಿ ಇದೆ, ಎಲ್ಲಾ ಸೀರಿಯಲ್ ನೋಡುತ್ತೇನೆ, ಯಾರು ಚೆನ್ನಾಗಿ ಮಾಡಿದರೋ ಅವರ ಹೆಸರು ಬರೆದೆ ಎಂದುಬಿಟ್ಟಿದ್ದಳು. ಇದನ್ನೋದಿ ವಿಮರ್ಶಕನಿಗೆ ನಾಚಿಕೆಯಾಯಿತು, ಅವಳ ಪರವಾಗಿ. ಅವನು ಧಾರಾವಾಹಿ ನೋಡುವುದನ್ನು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂಬುದು ಅವನ ಸಿದ್ಧಾಂತ. ಆ ಒಂದು ಅಗುಳನ್ನೂ ಅವನು ವಾಹಿನಿಯವರು ಕಳಿಸುವ ಪ್ರಚಾರದ ಹಾಳೆಯಿಂದಲೇ ಎತ್ತಿಕೊಳ್ಳುತ್ತಿದ್ದ. ಮಿಕ್ಕದ್ದು ಪಕ್ಕದ ಕೋಣೆಯ ಗೋಡೆಯಿಂದ ತೂರಿ ಬರುತ್ತಿತ್ತು. ಅಲ್ಲಿ ಅವನ ಸೋದರತ್ತೆ, ಅವನ ತಂದೆಯ ಅಕ್ಕ, ಸಂಜೆ ಆರರಿಂದ ಹತ್ತರವರೆಗೆ ಟೀವಿ ಎದುರು ಕೂತು ಪಾತ್ರಗಳಿಗೆ ಬುದ್ಧಿ ಹೇಳುತ್ತಿದ್ದಳು.

ವರ್ಷದ ಕೊನೆ ಹತ್ತಿರವಾದಾಗ ಸಂಪಾದಕರು ಅವನನ್ನು ಕರೆಸಿದರು. ಸುತ್ತಿ ಬಳಸಿ ಮಾತಾಡಿ, ಕೊನೆಗೆ, ಈ ಸಲವೂ ಆಕೆಯೇ ಗೆದ್ದರೆ ಅಂಕಣವನ್ನು ಆಕೆಗೇ ಕೊಡೋಣ ಎಂದು ಯಜಮಾನರು ಹೇಳುತ್ತಿದ್ದಾರೆ ಎಂದರು.

"ನೀವೂ ಸ್ವಲ್ಪ ನೋಡಿ ಸರ್," ಎಂದರು.

"ಏನನ್ನ ನೋಡಬೇಕು?"

"ಟೀವಿ."

ಅವತ್ತು ಕಚೇರಿಯ ಮೆಟ್ಟಿಲಿಳಿಯುವಾಗ ವಿಮರ್ಶಕ ಒಂದು ವಿಷಯ ಸ್ಪಷ್ಟ ಮಾಡಿಕೊಂಡ. ಹನ್ನೊಂದು ವರ್ಷ ಕಟ್ಟಿದ ಹೆಸರನ್ನು ಕೆಮ್ಮಿನ ಸಿರಪ್ಪು ಮಾರುವವಳ ಕೈಗೆ ಕೊಡುವುದಕ್ಕಿಂತ ಅಪರಾಧ ಮಾಡುವುದೇ ಮರ್ಯಾದಸ್ಥರ ಕೆಲಸ. ಇನ್ನೂರು ಧಾರಾವಾಹಿ ಕಂತು ನೋಡುವುದು ಎಂಬ ಮೂರನೆಯ ದಾರಿಯನ್ನು ಅವನು ಪರಿಗಣಿಸಲಿಲ್ಲ ಎಂದೇನಲ್ಲ. ಪರಿಗಣಿಸಿದ, ಸುಸ್ತಾದ.

ಅಪರಾಧಕ್ಕೆ ಬೇಕಾದ ಬಾಗಿಲು ಮನೆತನದಲ್ಲೇ ಇತ್ತು. ಅವನ ಭಾವ, ಅಕ್ಕನ ಗಂಡ, ಅಲಂಕಾರದ ಅಕ್ಷರ ಬರೆಯುವವರು. ಪ್ರಶಸ್ತಿ ಕೊಡುವ ಅಕಾಡೆಮಿ ನಾಮನಿರ್ದೇಶನಗೊಂಡ ಪ್ರತಿಯೊಬ್ಬರಿಗೂ ಒಂದು ಕೈಬರಹದ ಪ್ರಶಂಸಾಪತ್ರ ಕೊಡುತ್ತದೆ. ಅದರ ಮೇಲೆ ಹೆಸರು, ಕೆಳಗೆ ಧಾರಾವಾಹಿಯ ಹೆಸರು, ಚಿನ್ನದ ಬಣ್ಣದ ಶಾಯಿಯಲ್ಲಿ. ಇಪ್ಪತ್ತು ವರ್ಷಗಳಿಂದ ಅವನ್ನು ಬರೆದವರು ಭಾವನೇ. ತೀರ್ಪುಗಾರರು ಪಟ್ಟಿ ಮುಗಿಸಿದ ಮರುದಿನವೇ ಅಕಾಡೆಮಿಯ ಕಾರ್ಯದರ್ಶಿ ಖುದ್ದಾಗಿ ಬಂದು, ಯಾರಿಗೂ ತೋರಿಸುವುದಿಲ್ಲ ಎಂದು ಸಹಿ ಹಾಕಿಸಿಕೊಂಡು, ಹೆಸರುಗಳ ಹಾಳೆ ಕೊಟ್ಟು ಹೋಗುತ್ತಿದ್ದರು. ಭಾವ ಅದನ್ನು ಹೆಂಡತಿಗೂ ತೋರಿಸಿದವರಲ್ಲ. ಬರೆಯುವಾಗ ತಾನೂ ಓದುವುದಿಲ್ಲ ಎನ್ನುತ್ತಿದ್ದರು. ಓದಿದರೆ ಕೈ ನಡುಗುತ್ತದಂತೆ, ಒಂದೊಂದಕ್ಷರವನ್ನೂ ಬರೀ ಗೆರೆಯಾಗಿ ನೋಡಬೇಕಂತೆ. ವಿಮರ್ಶಕನಿಗೆ ಭಾವನ ಪ್ರಾಮಾಣಿಕತೆಯ ಬಗ್ಗೆ ಗೌರವವಿತ್ತು. ಅಂಥವರನ್ನು ಯಾರೂ ಅನುಮಾನಿಸುವುದಿಲ್ಲವಲ್ಲ.

ಚಿನ್ನದ ಶಾಯಿಗೆ ಒಂದು ದುರ್ಗುಣವಿದೆ. ಅದು ಒಣಗಲು ಒಂದಿಡೀ ದಿನ ಬೇಕು. ಅಲ್ಲಿಯವರೆಗೆ ಹಾಳೆಗಳನ್ನು ಒಂದರ ಮೇಲೊಂದು ಇಡುವಂತಿಲ್ಲ, ಮೇಲೆ ಬಟ್ಟೆ ಮುಚ್ಚುವಂತಿಲ್ಲ. ಹಾಗಾಗಿ ಭಾವ ಮಹಡಿಯ ಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಪತ್ರಗಳನ್ನು ಮಂಚದ ಮೇಲೆ ಸಾಲಾಗಿ ಹರಡಿ, ಬೀಗ ಹಾಕಿ ಕೆಳಗಿಳಿಯುತ್ತಿದ್ದರು. ಬೀಗದ ಕೈ ಕನ್ನಡಕದ ಪೆಟ್ಟಿಗೆಯಲ್ಲಿ. ಎಚ್ಚರವಿದ್ದಾಗ ಪೆಟ್ಟಿಗೆ ಜೇಬಿನಲ್ಲಿ. ಊಟವಾದ ಮೇಲೆ ನಲವತ್ತು ನಿಮಿಷ, ಆರಾಮ ಕುರ್ಚಿಯಲ್ಲಿ, ಭಾವ ನಿದ್ದೆ ಮಾಡುತ್ತಿದ್ದರು. ಆಗ ಪೆಟ್ಟಿಗೆ ಕಿಟಕಿಯ ಕಟ್ಟೆಯ ಮೇಲೆ.

ಇಷ್ಟನ್ನೂ ವಿಮರ್ಶಕ ಮೂರು ಬುಧವಾರಗಳಲ್ಲಿ ಅಭ್ಯಾಸ ಮಾಡಿದ. ಪ್ರತಿ ಬುಧವಾರ ಅಕ್ಕನ ಮನೆಗೆ ಊಟಕ್ಕೆ ಹೋದ. ಏಳು ವರ್ಷದಿಂದ ಕರೆದರೂ ಬಾರದ ತಮ್ಮ ತಾನಾಗಿ ಬಂದದ್ದು ಕಂಡು ಅಕ್ಕ ಓಡಿಹೋಗಿ ಪಾಯಸಕ್ಕೆ ಹಾಲಿಟ್ಟಳು. ಎರಡನೆಯ ಸಲ ಅವನಿಗೆಂದು ಹೊಸ ತಟ್ಟೆ ತಂದಿಟ್ಟಳು. ಮೂರನೆಯ ಸಲ, ವಯಸ್ಸಾದ ಮೇಲಾದರೂ ನಿನಗೆ ನಮ್ಮ ನೆನಪಾಯಿತಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನು ಆಗ ಮೆಟ್ಟಿಲು ಎಣಿಸುತ್ತಿದ್ದ. ಹನ್ನೆರಡಿದ್ದವು. ಐದನೆಯದು ಕಿರುಗುಟ್ಟುತ್ತಿತ್ತು.

ಕಾರ್ಯದರ್ಶಿ ಹಾಳೆ ಕೊಟ್ಟುಹೋಗಿ, ಪತ್ರಗಳು ಮಹಡಿಯಲ್ಲಿ ಒಣಗುತ್ತಿದ್ದ ನಾಲ್ಕನೆಯ ಬುಧವಾರ ಎಲ್ಲವೂ ಗಡಿಯಾರದಂತೆ ನಡೆಯಿತು. ಭಾವನ ಗೊರಕೆ ಹದಕ್ಕೆ ಬಂದಾಗ, ಮಹಡಿಯ ಕಪಾಟಿನಲ್ಲಿರುವ ಹಳೆಯ ಆಲ್ಬಮ್ ತರುತ್ತೇನೆ ಎಂದು ಅಡುಗೆಮನೆಯ ಕಡೆ ಕೂಗಿ ಹೇಳಿದ. ಪಾತ್ರೆ ತೊಳೆಯುತ್ತಿದ್ದ ಅಕ್ಕ, "ಅಮ್ಮನ ಫೋಟೋ ಇರೋದನ್ನೇ ತಗೊಂಡು ಬಾರೋ," ಎಂದಳು. ಅವನು ಕನ್ನಡಕದ ಪೆಟ್ಟಿಗೆಯಿಂದ ಬೀಗದ ಕೈ ಎತ್ತಿಕೊಂಡು, ಚಪ್ಪಲಿ ಕಳಚಿದ. ಐದನೆಯ ಮೆಟ್ಟಿಲನ್ನು ದಾಟಿ ಆರನೆಯದರ ಮೇಲೆ ಕಾಲಿಟ್ಟ. ಜೇಬಿನಲ್ಲಿ ಪೆನ್ನು, ಕಾಗದ, ಫೋನು ಯಾವುದೂ ಇರಲಿಲ್ಲ. ಪುರಾವೆಯಾಗಬಹುದಾದ ಯಾವುದನ್ನೂ ಅಪರಾಧಿ ಹೊರಬಾರದು ಎಂಬುದು ಅವನ ಯೋಚನೆ. ದೀಪ ಹಾಕಲಿಲ್ಲ. ಶಾಯಿಯ ಮೇಲೆ ಉಸಿರು ಬೀಳದಂತೆ ಕರವಸ್ತ್ರವನ್ನು ಬಾಯಿಗೆ ಹಿಡಿದು, ಹತ್ತು ಹೆಸರನ್ನೂ ಓದಿದ. ಒಂದೊಂದನ್ನು ಮನಸ್ಸಿನಲ್ಲೇ ಒಂದೊಂದು ಮೆಟ್ಟಿಲ ಮೇಲೆ ನಿಲ್ಲಿಸಿದ. ಹತ್ತು ನಟಿಯರು ಹತ್ತು ಮೆಟ್ಟಿಲು, ಇನ್ನೆರಡು ಖಾಲಿ. ಒಟ್ಟು ಆರು ನಿಮಿಷ. ಕೆಳಗೆ ಬಂದು ಆಲ್ಬಮ್ಮನ್ನು ಅಕ್ಕನ ಕೈಗಿತ್ತು, ಬೀಗದ ಕೈಯನ್ನು ಕನ್ನಡಕದ ಅಡಿಗೆ ಸೇರಿಸಿ, ಅಮ್ಮನ ಫೋಟೋ ನೋಡಿ ನಿಟ್ಟುಸಿರನ್ನೂ ಬಿಟ್ಟ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

ಹತ್ತರಲ್ಲಿ ಒಂಬತ್ತು ಹೆಸರು ಅವನು ಆ ವರ್ಷ ಎಲ್ಲೋ ಕೇಳಿದ್ದವೇ. ಕೋರ್ಟಿನ ಸೀರಿಯಲ್ಲಿನ ವಕೀಲೆ, ಅವಳಿಜವಳಿಗಳ ಸೀರಿಯಲ್ಲಿನ ಅಳುಮುಂಜಿ, ಹೀಗೆ. ಆದರೆ ಪೋಷಕ ನಟಿಯರ ಸಾಲಿನ ಕೊನೆಯ ಪತ್ರ ಅವನನ್ನು ಒಂದು ಕ್ಷಣ ತಡೆದು ನಿಲ್ಲಿಸಿತ್ತು. ಅದರಲ್ಲಿದ್ದದ್ದು ಇಪ್ಪತ್ತು ವರ್ಷದ ಹಿಂದೆ ನಟನೆ ಬಿಟ್ಟು ಮನೆ ಸೇರಿದ್ದ, ಜನ ಮಹಾರಾಣಿ ಎಂದು ಕರೆಯುತ್ತಿದ್ದ ನಟಿಯ ಹೆಸರು. ಕೆಳಗೆ, ಕಡಲತೀರದ ದೀಪಸ್ತಂಭ ಕಾಯುವ ಕುಟುಂಬದ ಕತೆಯ ಸೀರಿಯಲ್ಲಿನ ಹೆಸರು. ಮಹಾರಾಣಿ ಮತ್ತೆ ಯಾವಾಗ ಬಣ್ಣ ಹಚ್ಚಿದಳು? ಅವನಿಗೆ ಗೊತ್ತಿರಲಿಲ್ಲ. ಆದರೆ ಅವನಿಗೆ ಗೊತ್ತಿಲ್ಲದ್ದು ಇದೊಂದೇ ಅಲ್ಲವಲ್ಲ, ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಆದರೂ ಅವನು ಎಚ್ಚರದ ಮನುಷ್ಯ. ಗುರುವಾರ ಸಂಜೆ, ಜಾಹೀರಾತಿನ ಬಿಡುವಿನಲ್ಲಿ, ಪಕ್ಕದ ಕೋಣೆಗೆ ಹೋಗಿ ಸುಮ್ಮನೆ ಎಂಬಂತೆ ಕೇಳಿದ. "ಅತ್ತೆ, ಆ ದೀಪಸ್ತಂಭದ ಸೀರಿಯಲ್‌ನಲ್ಲಿ ವಯಸ್ಸಾದ ಹೆಂಗಸೊಬ್ಬಳು ಇದ್ದಾಳಲ್ಲ?"

"ಇದ್ದಾಳಲ್ಲ, ದೀಪ ಹಚ್ಚೋನ ಅಜ್ಜಿ," ಎಂದಳು ಅತ್ತೆ, ಕಣ್ಣು ಕದಲಿಸದೆ. "ಪಾರ್ಶ್ವವಾಯು. ನೂರ ನಲವತ್ತು ಕಂತಿಂದ ಹಾಸಿಗೇಲಿ ಬಿದ್ದಿದಾಳೆ. ಮಾತಿಲ್ಲ ಕತೆಯಿಲ್ಲ, ಬರೀ ಕಣ್ಣು ಪಿಳಿಪಿಳಿ. ಯಾಕಪ್ಪಾ, ನೀನೂ ನೋಡೋಕೆ ಶುರು ಮಾಡಿದ್ಯಾ?"

ಅವನು ನಕ್ಕ. ಹೋಗುವಾಗ ಅತ್ತೆ, ಭಾನುವಾರ ಸಂಜೆ ನನ್ನನ್ನು ಊಟಕ್ಕೆ ಕಾಯಬೇಡ, ಅವತ್ತು ಸೀರಿಯಲ್ ಮುಗಿಯುತ್ತದೆ, ನೀನೇ ಏನಾದರೂ ಬಡಿಸಿಕೋ ಎಂದಳು. ಅತ್ತೆಯ ಸೀರಿಯಲ್ಲುಗಳು ಯಾವಾಗಲೂ ಮುಗಿಯುತ್ತಲೇ ಇರುತ್ತವೆ, ಮತ್ತೊಂದು ಶುರುವಾಗುತ್ತಲೇ ಇರುತ್ತದೆ. ಅವನ ಕಿವಿ ಆಗಲೇ ಬೇರೆ ಕಡೆಗಿತ್ತು. ಮಾತಿಲ್ಲದ ಮುದುಕಿ! ತೀರ್ಪುಗಾರರಿಗೆ ಇಂಥದ್ದೇ ಬೇಕು. ಮಾತಾಡುವವರನ್ನು ಮೆಚ್ಚಲು ಯಾರಿಗಾದರೂ ಬರುತ್ತದೆ. ಸುಮ್ಮನೆ ಮಲಗಿದವಳನ್ನು ಮೆಚ್ಚಲು ವಿದ್ಯೆ ಬೇಕು.

ಈಗ ಉಳಿದದ್ದು ಲಕೋಟೆ. ಸಾಧಾರಣ ಕಳ್ಳನಾಗಿದ್ದರೆ ಹತ್ತಕ್ಕೆ ಹತ್ತೂ ಬರೆದು ಸಿಕ್ಕಿಬೀಳುತ್ತಿದ್ದ. ವಿಮರ್ಶಕ ಹಾಗೆ ಮಾಡಲಿಲ್ಲ. ಹತ್ತಕ್ಕೆ ಹತ್ತು ಎಂದರೆ ಕಳ್ಳತನ, ಹತ್ತಕ್ಕೆ ಒಂಬತ್ತು ಎಂದರೆ ಪ್ರತಿಭೆ. ಒಂದು ಹೆಸರನ್ನು ಬೇಕೆಂದೇ ತಪ್ಪಾಗಿ ಬರೆಯಬೇಕು. ಯಾವುದನ್ನು? ಸ್ವಲ್ಪ ಹೊತ್ತು ಮಹಾರಾಣಿಯ ಹೆಸರಿನ ಮೇಲೆ ಪೆನ್ನು ತೂಗಾಡಿತು. ಆದರೆ ಅವಳನ್ನು ಬಿಟ್ಟರೆ ಉಳಿಯುವ ಒಂಬತ್ತನ್ನು ಔಷಧಿ ಅಂಗಡಿಯಾಕೆಯೂ ಊಹಿಸಬಹುದು. ಯಾರ ಕನಸಿನಲ್ಲೂ ಬಾರದ ಈ ಒಂದು ಹೆಸರಿಗಾಗಿ ಜನ ತನ್ನನ್ನು ಹತ್ತು ವರ್ಷ ನೆನೆಯುತ್ತಾರೆ. ಹಾಗಾಗಿ ಗೋಡೆಯ ಮೇಲಿನ ಹಲ್ಲಿಯೂ ಹೇಳಬಲ್ಲ ಕೋರ್ಟಿನ ವಕೀಲೆಯನ್ನು ಕೈಬಿಟ್ಟ. ಆ ಜಾಗಕ್ಕೆ ಯಾರೋ ನರ್ಸಿನ ಪಾತ್ರದವಳನ್ನು ತಂದ.

ಪ್ರತಿ ಹೆಸರಿನ ಮುಂದೆ ಒಂದು ಸಾಲು ಕಾರಣ ಬರೆಯಬೇಕೆಂಬುದು ಸ್ಪರ್ಧೆಯ ನಿಯಮ. ಮಹಾರಾಣಿಗೆ ಅವನು ಹನ್ನೊಂದು ಸಾಲು ಬರೆದ.

ಇನ್ನೊಂದು ಬಿರುಕು ಮುಚ್ಚುವುದಿತ್ತು. ನಾಳೆ ಸೋತವರು, ಲಕೋಟೆಯನ್ನು ಆಮೇಲೆ ಬದಲಾಯಿಸಿದ್ದಾನೆ ಎಂದರೆ? ಶುಕ್ರವಾರ ಬೆಳಿಗ್ಗೆ ಅವನು ತಾನಾಗಿಯೇ ಸಂಪಾದಕರಲ್ಲಿಗೆ ಹೋಗಿ, ಈ ಸಲ ಪಾರದರ್ಶಕತೆ ಇರಲಿ, ಎಲ್ಲರೂ ಲಕೋಟೆ ಅಂಟಿಸಿದ ಮೇಲೆ ಅಂಟಿನ ಮೇಲೆಯೇ ಅಂಚೆ ಕಚೇರಿಯ ಮುದ್ರೆ ಹಾಕಿಸಿ ತರಲಿ, ದಿನಾಂಕ, ಗಂಟೆ ಸಮೇತ ಎಂದ. ಲಕೋಟೆಗಳು ಸೋಮವಾರದವರೆಗೆ ಸಂಪಾದಕರ ಕಬ್ಬಿಣದ ಬೀರುವಿನಲ್ಲಿ. ಸಂಪಾದಕರಿಗೆ ಅವನ ಮೇಲೆ ಹೊಸದಾಗಿ ಗೌರವ ಹುಟ್ಟಿತು. ಅಂಚೆ ಕಚೇರಿಯ ಸಾಲಿನಲ್ಲಿ ಅವನ ಹಿಂದೆಯೇ ಔಷಧಿ ಅಂಗಡಿಯಾಕೆ ನಿಂತಿದ್ದಳು. ನನ್ನಿಂದ ನಿಮಗೆ ತೊಂದರೆಯಾಯಿತೇನೋ ಎಂದು ಅವನು ಸೌಜನ್ಯಕ್ಕೆ ಅಂದ.

"ಅಯ್ಯೋ, ಒಳ್ಳೇದೇ ಆಯ್ತು ಸರ್," ಎಂದಳು ಅವಳು. "ದಿನಾಂಕ ಇಲ್ಲದ ಡಬ್ಬಿ ನಾನೂ ಮಾರಲ್ಲ."

ಅಲ್ಪರಿಗೆ ಎಲ್ಲದರಲ್ಲೂ ತಮ್ಮ ಅಂಗಡಿಯೇ ಕಾಣುತ್ತದೆ ಎಂದುಕೊಂಡ ಅವನು. ಮುದ್ರೆ ಬಿತ್ತು: ಶುಕ್ರವಾರ, ಮಧ್ಯಾಹ್ನ ಹನ್ನೆರಡು ಇಪ್ಪತ್ತು. ಅಚ್ಚು ಮಸುಕಾಗಿದೆ ಎಂದು ಗುಮಾಸ್ತನಿಗೆ ಹೇಳಿ ಇನ್ನೊಮ್ಮೆ ಒತ್ತಿಸಿಕೊಂಡ.

ಭಾನುವಾರ ಅವನು ಕೂದಲು ಕತ್ತರಿಸಿಕೊಂಡ. ಈ ಸಲದ ಫೋಟೋದಲ್ಲಿ ಹೇಗೆ ನಗಬೇಕು ಎಂಬುದನ್ನು ಕನ್ನಡಿಯೆದುರು ನಿರ್ಧರಿಸಿದ: ಗೆದ್ದವನು ನಗುವಂತಲ್ಲ, ಗೆಲ್ಲುವುದು ಬೇಸರವಾದವನು ನಗುವಂತೆ. ಸಂಜೆ ಫೋನು ಆರಿಸಿ, ಕಿವಿಗೆ ಹತ್ತಿ ಇಟ್ಟು, ಬೇಗ ಮಲಗಿದ. ಪಕ್ಕದ ಕೋಣೆಯಲ್ಲಿ ಅತ್ತೆ ಒಂದು ಸಲ ಕೂಗಿದ್ದು ಹತ್ತಿಯೊಳಗೂ ಕೇಳಿಸಿತು. ಅವಳು ವಾರಕ್ಕೆರಡು ಸಲ ಹಾಗೆ ಕೂಗುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅತ್ತೆಯ ಕಣ್ಣು ಕೆಂಪಗಿತ್ತು. ಕಾಫಿ ಲೋಟ ಇಡುತ್ತಾ, "ನಿನ್ನೆ ನೀನು ನೋಡ್ಬೇಕಿತ್ತಪ್ಪಾ, ಏನಾಯ್ತು ಅಂದ್ರೆ..." ಎಂದು ಶುರು ಮಾಡಿದಳು.

"ಸಂಜೆ ಬಂದು ಕೇಳ್ತೀನಿ ಅತ್ತೆ. ಪೂರ್ತಿ ಕೇಳ್ತೀನಿ," ಎಂದು ಅವನು ಟೈ ಸರಿ ಮಾಡಿಕೊಂಡು ಹೊರಟ. ಗೆದ್ದ ದಿನ ಯಾರ ಮಾತನ್ನಾದರೂ ಕೇಳುವಷ್ಟು ಅವನು ಉದಾರಿಯೇ.

ಸಭಾಂಗಣ ತುಂಬಿತ್ತು. ಅಕಾಡೆಮಿಯ ಕಾರ್ಯದರ್ಶಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೂರನೆಯ ಸಾಲಿನಲ್ಲಿ ಅಕ್ಕ, ಭಾವ; ತಮ್ಮನ ಗೆಲುವನ್ನು ಕಣ್ಣಾರೆ ನೋಡಬೇಕೆಂದು ಅಕ್ಕನೇ ಹಟ ಮಾಡಿ ಗಂಡನನ್ನು ಎಳೆದು ತಂದಿದ್ದಳು. ಹನ್ನೊಂದು ಗಂಟೆಗೆ ದೊಡ್ಡ ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಬಂದವು. ಮೆಟ್ಟಿಲಿನಿಂದ ಒಬ್ಬೊಬ್ಬರೇ ಇಳಿದು ಬಂದಂತೆ ಅವನಿಗೆ ಕಂಡಿತು. ಕೊನೆಯದಾಗಿ ಮಹಾರಾಣಿಯ ಹೆಸರು ಬಂದಾಗ ಇಡೀ ಸಭೆ ಎದ್ದು ನಿಂತಿತು. ಹೆಂಗಸರು ಕಣ್ಣೊರೆಸಿಕೊಂಡರು. ನೂರ ನಲವತ್ತು ಕಂತು ಮಲಗಿಯೇ ಇದ್ದವಳಿಗೆ ಇಷ್ಟೊಂದು ಅಭಿಮಾನಿಗಳೇ ಎಂದು ಅವನಿಗೆ ಸ್ವಲ್ಪ ಅಚ್ಚರಿಯಾಯಿತು. ಜನರ ಅಭಿರುಚಿ ತಾನು ತಿಳಿದಷ್ಟು ಕೆಟ್ಟಿಲ್ಲ ಎಂದುಕೊಂಡು ಅವರನ್ನು ಕ್ಷಮಿಸಿದ.

ಸಂಪಾದಕರು ಬೀರುವಿನಿಂದ ತಂದ ಲಕೋಟೆಗಳ ಮುದ್ರೆ ತೋರಿಸಿ ಒಡೆದರು. ಓದುಗರದ್ದು ಮೂರು, ನಾಲ್ಕು, ಐದು. ಔಷಧಿ ಅಂಗಡಿಯಾಕೆಯದು ಎಂಟು. ಮಹಾರಾಣಿಯ ಹೆಸರು ಅವಳ ಪಟ್ಟಿಯಲ್ಲೂ ಇರಲಿಲ್ಲ. ಆಮೇಲೆ ವಿಮರ್ಶಕನದು. ವಕೀಲೆ ತಪ್ಪಿದಾಗ ಸಭೆ ಅಯ್ಯೋ ಎಂದಿತು, ಅವನು ಅಂದುಕೊಂಡಿದ್ದಂತೆಯೇ. ಒಂಬತ್ತನೆಯ ಹೆಸರಾಗಿ ಮಹಾರಾಣಿ ಬಂದಾಗ ಸಂಪಾದಕರು ಓದು ನಿಲ್ಲಿಸಿ ಅವನ ಮುಖ ನೋಡಿದರು. ಆಮೇಲೆ ಹನ್ನೊಂದು ಸಾಲನ್ನೂ ಗಟ್ಟಿಯಾಗಿ ಓದಿದರು: ಮೊದಲ ಕಂತಿನಿಂದ ಒಂದನ್ನೂ ಬಿಡದೆ ಈ ನಟನೆಯನ್ನು ಗಮನಿಸುತ್ತ ಬಂದಿದ್ದೇನೆ, ಒಂದು ಮಾತೂ ಆಡದೆ ಬರಿಯ ಕಣ್ಣಿನಲ್ಲಿ ಒಂದು ವಂಶದ ಕತೆ ಹೇಳಿದ ಈ ಮೌನವನ್ನು ಗುರುತಿಸಲು ತೀರ್ಪುಗಾರರಿಗೆ ಕಣ್ಣಿದ್ದರೆ ಸಾಕು, ಇತ್ಯಾದಿ. ಓದು ಮುಗಿದಾಗ ಸಭೆಯೂ ಮೌನವಾಗಿತ್ತು. ಒಳ್ಳೆಯ ಗದ್ಯಕ್ಕೆ ಜನ ಹೀಗೇ ಮೌನವಾಗುತ್ತಾರೆ ಎಂದು ಅವನು ತಲೆಬಾಗಿದ. ಅಕ್ಕ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಔಷಧಿ ಅಂಗಡಿಯಾಕೆ ಎದ್ದು ಬಂದು ಲಕೋಟೆಯನ್ನು ಕೇಳಿ ಪಡೆದಳು. ಡಬ್ಬಿಯ ಮೇಲಿನ ದಿನಾಂಕ ನೋಡುವಂತೆ ಮುದ್ರೆಯನ್ನು ಬೆಳಕಿಗೆ ಹಿಡಿದು, "ಸರ್, ಇದು ಶುಕ್ರವಾರದ್ದೇ ತಾನೇ?" ಎಂದಳು. ಅವನು, ಶುಕ್ರವಾರ ಹನ್ನೆರಡು ಇಪ್ಪತ್ತು, ನೀವೇ ಹಿಂದೆ ನಿಂತಿದ್ದಿರಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಹಾಸಿಗೇಲಿ ಮಲಗಿರೋ ಅಜ್ಜಿ ಬೇರೆಯವರು ಸರ್," ಎಂದಳು ಅವಳು, ಗಿರಾಕಿಗೆ ಗುಳಿಗೆ ಯಾವಾಗ ನುಂಗಬೇಕೆಂದು ಹೇಳುವಷ್ಟು ಮೆಲ್ಲಗೆ. "ಮಹಾರಾಣಿಯವರು ಆ ಸೀರಿಯಲ್‌ನಲ್ಲಿ ಬಂದಿದ್ದೇ ಒಂದು ಸಲ. ಕೊನೇ ಕಂತಲ್ಲಿ, ಕಳೆದುಹೋದ ತಾಯಿಯಾಗಿ, ಹತ್ತು ನಿಮಿಷ ಬಿಡದೆ ಮಾತಾಡಿದ್ರು. ಬರ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಕಂತು ಬಂದಿದ್ದು ನಿನ್ನೆ ಸಂಜೆ." ಕಾರ್ಯದರ್ಶಿ ಎದ್ದು ನಿಂತು, ಆ ಕಂತನ್ನು ನಿನ್ನೆಗೆ ಮೊದಲು ಕಂಡವರು ವಾಹಿನಿಯವರು ಮತ್ತು ತೀರ್ಪುಗಾರರು ಮಾತ್ರ, ಹೆಸರನ್ನು ಕಂಡವರು ನನ್ನನ್ನು ಬಿಟ್ಟರೆ ಇನ್ನೊಬ್ಬರೇ ಎಂದು ನಿಧಾನವಾಗಿ ಹೇಳಿ ಮೂರನೆಯ ಸಾಲಿನ ಕಡೆ ತಿರುಗಿದರು. ಭಾವ ಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದು, ತೆರೆದು, ಒಳಗಿದ್ದ ಬೀಗದ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಹೆಂಡತಿಯನ್ನು ನೋಡಿದರು. ಅಕ್ಕನ ಕೈ ಚಪ್ಪಾಳೆಯ ನಡುವೆಯೇ ನಿಂತುಬಿಟ್ಟಿತ್ತು. ಅಕಾಡೆಮಿ ಮರುವರ್ಷದಿಂದ ಪತ್ರಗಳನ್ನು ಯಂತ್ರದಲ್ಲಿ ಅಚ್ಚು ಹಾಕಿಸಿತು. ಬುಧವಾರದ ಊಟಕ್ಕೆ ಅಕ್ಕ ಮತ್ತೆ ಕರೆಯಲಿಲ್ಲ. ಏಳನೆಯ ಪುಟದಲ್ಲಿ, ದಿನಭವಿಷ್ಯದ ಪಕ್ಕದಲ್ಲಿ, ಮುಂದಿನ ವಾರದಿಂದ ಔಷಧಿ ಅಂಗಡಿಯಾಕೆ ಬರೆದಳು.